ಚಿಕ್ಕಮ್ಮನ ಮಂದೆ, ನನ್ನ ಫಂಡು

ಬೆಳಿಗ್ಗೆ ಎದ್ದ ತಕ್ಷಣ ಅಂಗೈ ನೋಡಿಕೊಳ್ಳಬೇಕು ಎಂದು ನಮ್ಮಮ್ಮ ಕಲಿಸಿದ್ದಳು. ನಾನೂ ಮೊನ್ನೆ ಮೊನ್ನೆಯವರೆಗೆ ತಪ್ಪದೆ ಅಂಗೈಯನ್ನೇ ನೋಡುತ್ತಿದ್ದೆ. ಅದರಲ್ಲಿ ಮೊಬೈಲ್ ಇರುತ್ತಿತ್ತು, ಅಷ್ಟೇ. ಕನ್ನಡಕ ಸಿಗುವ ಮೊದಲೇ ಬಣ್ಣ ಗೊತ್ತಾಗಿಬಿಡುತ್ತಿತ್ತು. ನನ್ನ ಫಂಡುಗಳು ಹಸಿರಾಗಿದ್ದರೆ ಅಂದು ಯಜಮಾನರಿಗೆ ಗಟ್ಟಿ ಡಿಕಾಕ್ಷನ್ನಿನ ಕಾಫಿ. ಕೆಂಪಾಗಿದ್ದರೆ ನಿನ್ನೆಯ ಚರಟಕ್ಕೇ ಇನ್ನೊಮ್ಮೆ ಬಿಸಿನೀರು. ಪಾಪ, ಅವರು ಮಾರುಕಟ್ಟೆಯ ಸುದ್ದಿಯನ್ನು ಪೇಪರಿನಲ್ಲಿ ಓದುತ್ತಿರಲಿಲ್ಲ, ಲೋಟದಲ್ಲೇ ಓದುತ್ತಿದ್ದರು.

ನಗು ಬಂತೇ? ನಗಿ, ಪರವಾಗಿಲ್ಲ. ನಾನು ತರೀಕೆರೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಪಾಠ ಮಾಡುತ್ತಿರುವವಳು. ಮನೆ ಕಡೂರಿನಲ್ಲಿ. ದಿನವೂ ಹೋಗಿಬರುವ ಬಸ್ಸಿನಲ್ಲಿ ಕಂಡಕ್ಟರಿನಿಂದ ಹಿಡಿದು ಹೂವು ಮಾರುವವಳವರೆಗೆ ಎಲ್ಲರಿಗೂ ನಾನು ‘ಲೆಕ್ಕದ ಮೇಡಂ’. ಎಂಟು ವರ್ಷದ ಹಿಂದೆ ಸಂಬಳದಲ್ಲಿ ತಿಂಗಳಿಗೆ ಐದು ಸಾವಿರ ಮ್ಯೂಚುವಲ್ ಫಂಡಿಗೆ ಹಾಕಲು ಶುರು ಮಾಡಿದ ಮೇಲಂತೂ ಸ್ಟಾಫ್ ರೂಮಿನಲ್ಲಿ ನನ್ನ ಗತ್ತೇ ಬೇರೆಯಾಯಿತು. ಡ್ರಾಯಿಂಗ್ ಮೇಷ್ಟ್ರು ಊಟದ ಡಬ್ಬಿ ಬಿಚ್ಚುತ್ತಾ, “ಮೇಡಂ, ಈಗ ದುಡ್ಡು ಹಾಕ್ಬೋದಾ, ಇನ್ನೂ ಸ್ವಲ್ಪ ಕಾಯ್ಬೇಕಾ?” ಎನ್ನುವರು. ನಾನು ಚಪಾತಿ ಮುರಿಯುತ್ತಾ ಕಿಟಕಿಯಾಚೆ ಒಂದು ಗಂಭೀರ ನೋಟ ಹರಿಸಿ, “ಇನ್ನೊಂದು ವಾರ ಕಾಯ್ರಿ ಮೇಷ್ಟ್ರೇ” ಎನ್ನುವೆ. ಒಂದೇ ವಾರ ಯಾಕೆ ಎಂದು ಅವರು ಕೇಳುತ್ತಿರಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಅಳತೆಯ ವಿಷಯದಲ್ಲಿ ನಾನು ಮೊದಲಿನಿಂದಲೂ ಸ್ವಲ್ಪ ಹಾಗೆಯೇ. ಪಂಚನಹಳ್ಳಿಯ ನಮ್ಮ ಮನೆಯಲ್ಲಿ ಪ್ರತಿ ಯುಗಾದಿಗೆ ಅಪ್ಪ ನನ್ನನ್ನೂ ಅಣ್ಣನನ್ನೂ ಬಾಗಿಲ ತೋಳಿಗೆ ಒರಗಿಸಿ ನಿಲ್ಲಿಸಿ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದರು. ಒಂದು ವರ್ಷ ಅಣ್ಣನನ್ನು ಮೀರಲೇಬೇಕೆಂಬ ಹಟಕ್ಕೆ ಬಿದ್ದು, ಜಡೆಯನ್ನು ನೆತ್ತಿಯ ಮೇಲೆ ಸುತ್ತಿ, ಲಂಗದೊಳಗೆ ಹಿಮ್ಮಡಿ ಎತ್ತಿ ನಿಂತೆ. ಗೀಟು ಒಂದೇ ವರ್ಷಕ್ಕೆ ಆರು ಬೆರಳು ಮೇಲಕ್ಕೆ ಹೋಯಿತು. ಅಪ್ಪ ಹಿಗ್ಗಿಹೋಗಿ ಆ ಅಳತೆಗೇ ಲಂಗ ಹೊಲಿಸಿಬಿಟ್ಟರು. ಮುಂದಿನ ಎರಡು ವರ್ಷ ಆ ಲಂಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡೇ ಶಾಲೆಗೆ ಹೋದೆ, ಮೂರು ಸಲ ಮುಗ್ಗರಿಸಿ ಬಿದ್ದೆ. ಬಿದ್ದಾಗೆಲ್ಲ ಅಣ್ಣ “ಬೆಳೀತಿದಾಳೆ, ಬೆಳೀತಿದಾಳೆ” ಎಂದು ಕೂಗುತ್ತಿದ್ದ. ಮೂಳೆ ಮುರಿಯಲಿಲ್ಲ, ಬುದ್ಧಿಯೂ ಬರಲಿಲ್ಲ.

ಬರಲಿಲ್ಲ ಅನ್ನುವುದಕ್ಕೆ ನನ್ನ ಫಂಡುಗಳೇ ಸಾಕ್ಷಿ. ನಾನು ಮೊದಲು ಸೇರಿದ್ದ ಫಂಡಿನ ಒಂದು ಯೂನಿಟ್ಟಿಗೆ ಎಂಬತ್ನಾಲ್ಕು ರೂಪಾಯಿ. ಆಗ ಹೊಸದೊಂದು ಫಂಡು ಬಂತು, ಯೂನಿಟ್ಟಿಗೆ ಹತ್ತೇ ರೂಪಾಯಿ! ತೆಂಗಿನ ಸೀಮೆಯಲ್ಲಿ ಹುಟ್ಟಿದವಳು ನಾನು. ಅದೇ ದುಡ್ಡಿಗೆ ಎಂಟು ಕಾಯಿ ಬರುವಾಗ ಒಂದೇ ಕಾಯಿ ಕೊಳ್ಳುವ ಹೆಂಗಸು ನಮ್ಮ ಕಡೆ ಎಲ್ಲಾದರೂ ಸಿಕ್ಕಾಳೆಯೇ? ದುಬಾರಿಯದನ್ನು ಮಾರಿ ಅಗ್ಗದ್ದಕ್ಕೆ ಸುರಿದೆ. ಅದು ಹದಿನಾಲ್ಕಾದಾಗ “ಇದೂ ತುಟ್ಟಿಯಾಯಿತು” ಎಂದು ಇನ್ನೊಂದು ಹತ್ತು ರೂಪಾಯಿಯದಕ್ಕೆ ಹಾರಿದೆ. ಒಂದು ಅಚ್ಚು ಬೆಲ್ಲವನ್ನು ಎಂಟು ತುಂಡು ಮಾಡಿದರೂ ಎಂಬತ್ತು ತುಂಡು ಮಾಡಿದರೂ ಬೆಲ್ಲ ಅಷ್ಟೇ ಎಂದು ಭಿನ್ನರಾಶಿ ಪಾಠದಲ್ಲಿ ಮೇಜು ಕುಟ್ಟಿ ಕುಟ್ಟಿ ಹೇಳುವವಳೂ ನಾನೇ. ತರಗತಿಯಲ್ಲಿ ಇರುವ ಬುದ್ಧಿ ಬಸ್ಸು ಹತ್ತುವಷ್ಟರಲ್ಲಿ ಎಲ್ಲಿ ಇಳಿದುಹೋಗುತ್ತದೋ ಕಾಣೆ.

ಇನ್ನೊಂದು ಗುಣವೂ ಇತ್ತು. ಯಾವುದಾದರೂ ಫಂಡು ಸತತ ಮೂರು ತಿಂಗಳು ಕೆಂಪಗೇ ಕೂತರೆ ನನಗೆ ಅದರ ಮುಖ ನೋಡಲು ಆಗುತ್ತಿರಲಿಲ್ಲ. ನಷ್ಟಕ್ಕೇ ಮಾರಿ ಕೈ ತೊಳೆದುಕೊಂಡುಬಿಡುತ್ತಿದ್ದೆ. ಮಾರಿದ ಮೇಲೆ ಅದು ಮೊಬೈಲಿನ ಪರದೆಯಿಂದ ಮಾಯ. ಉಳಿದಿರುವವು ಮಾತ್ರ ಹಸಿರಾಗಿ ಕಾಣುತ್ತವೆ; ಮೇಲೆ ದೊಡ್ಡ ಅಕ್ಷರದಲ್ಲಿ ಒಟ್ಟು ಮೊತ್ತ, ಏಳು ಲಕ್ಷ ಎಂಬತ್ತು ಸಾವಿರ. ಶುರು ಮಾಡಿದ್ದು ಐದು ಸಾವಿರದಿಂದ, ಈಗ ಇಷ್ಟಾಗಿದೆ! ಇನ್ನೇನು ಬೇಕು? ನಾನು ನಿಜವಾಗಿಯೂ ಹಾಗೇ ನಂಬಿದ್ದೆ ಕಣ್ರೀ, ಆಣೆ ಮಾಡಿ ಹೇಳುತ್ತೇನೆ.

ಇಂಥ ಹೊತ್ತಿನಲ್ಲಿ ಹಿರೇನಲ್ಲೂರಿನಿಂದ ರಂಗಚಿಕ್ಕಮ್ಮ ಬಂದಳು.

ರಂಗಚಿಕ್ಕಮ್ಮ ನಮ್ಮಮ್ಮನ ಕೊನೆಯ ತಂಗಿ. ಎಪ್ಪತ್ತು ದಾಟಿದೆ, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು. ಗಂಡ ತೀರಿಕೊಂಡಾಗ ಅವಳ ಕೈಯಲ್ಲಿದ್ದದ್ದು ನಾಲ್ಕು ಕುರಿ. ಅವನ್ನು ಅವಳು ಮೇಯಿಸಲಿಲ್ಲ, ಪಾಲಿಗೆ ಕೊಟ್ಟಳು. ನಮ್ಮ ಕಡೆ ಅದೊಂದು ಪದ್ಧತಿ. ಕುರಿ ನಿಮ್ಮದು, ಕಾಯುವುದು ಇನ್ನೊಬ್ಬರದು, ಹುಟ್ಟಿದ ಮರಿಗಳಲ್ಲಿ ಅರ್ಧ ನಿಮಗೆ, ಅರ್ಧ ಕಾಯ್ದವನಿಗೆ. ನಿಮ್ಮ ಕುರಿ ಸತ್ತರೆ ನಿಮ್ಮ ಗುರುತು ಕೊಯ್ದ ಆ ಕಿವಿಯನ್ನು ತಂದು ತೋರಿಸಬೇಕು, ಇಲ್ಲದಿದ್ದರೆ ಕುರಿ ಸತ್ತಿತೋ ಸಂತೆಗೆ ಹೋಯಿತೋ ಯಾರಿಗೆ ಗೊತ್ತು? ಸುಗ್ಗಿ ಮುಗಿದ ಮೇಲೆ ಅಜ್ಜಂಪುರದ ಕಡೆಯ ಎರೆಹೊಲಗಳಿಗೆ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಲು ಹೊಡೆದುಕೊಂಡು ಹೋಗುತ್ತಿದ್ದ ಈರಣ್ಣನೇ ಚಿಕ್ಕಮ್ಮನ ಕುರಿ ಕಾಯುತ್ತಿದ್ದವನು. ಮೊಣಕಾಲು ನೋವು ಹೆಚ್ಚಾಗಿ ಆ ವರ್ಷ ಈರಣ್ಣ ಮಂದೆ ಬಿಡುತ್ತೇನೆ ಎಂದ. ಚಿಕ್ಕಮ್ಮ ತನ್ನ ನಲವತ್ತು ಕುರಿಯನ್ನೂ ಮಾರಿದಳು.

ಆ ದುಡ್ಡು, ಮೂರು ಲಕ್ಷ ಅರವತ್ತು ಸಾವಿರ, ಹುರಿಹಿಟ್ಟಿನ ಡಬ್ಬಿಯ ತಳದಲ್ಲಿ ಕೂತು ಬಸ್ಸಿನಲ್ಲಿ ನಮ್ಮ ಮನೆಗೆ ಬಂತು. ಅವಳ ಜನ್ಮದ ಗಳಿಕೆಯೆಲ್ಲ ಅಷ್ಟೇ. ಜಮೀನಿಲ್ಲ, ಪೆನ್ಷನ್ನಿಲ್ಲ, ಯಾರ ಮುಂದೆಯೂ ಕೈ ಚಾಚುವ ಜಾಯಮಾನವಂತೂ ಮೊದಲೇ ಅಲ್ಲ. ಹಿಟ್ಟು ಕೊಡವಿ ಕೊಡವಿ ಕಟ್ಟುಗಳನ್ನು ನನ್ನ ಮುಂದೆ ಜೋಡಿಸಿದಳು.

“ತಗಾ ಸುಶೀಲಾ. ಇನ್ಮ್ಯಾಕೆ ನಿಂಗೆ ಪಾಲಿಗೆ ಕೊಟ್ಟೀನಿ. ಎಲ್ಲಿ ಮೇಯಿಸ್ತೀಯೋ ಮೇಯ್ಸು.”

ನಾನು ಉಬ್ಬಿಹೋದೆ. ಮೊಬೈಲು ತೆಗೆದು ಏಳು ಲಕ್ಷ ಎಂಬತ್ತು ಸಾವಿರವನ್ನು ಅವಳ ಮೂಗಿಗೆ ಹಿಡಿದೆ. ಚಿಕ್ಕಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

“ಇದು ಮಂದೆ. ಇದ್ರಾಗೆ ನೀನು ಹಾಕಿದ್ದೆಷ್ಟು?”

“ತಿಂಗ್ಳಿಗೆ ಐದು ಸಾವಿರ ಚಿಕ್ಕಮ್ಮ. ಜೊತೆಗೆ ಒಂದ್ಸಲ ಸಂಬಳದ ಹಿಂಬಾಕಿ ಬಂತು, ಅದ್ನೂ ಹಾಕ್ದೆ. ಆಮೇಲೆ ಅದೂ ಇದೂ…”

“ಅದೂ ಇದೂ ಅಂದ್ರೆ ಎಷ್ಟು ಕಣೇ? ನಾನು ವರ್ಷ ವರ್ಷ ಹತ್ತು ಕುರಿ ತಂದು ಬಿಟ್ಟು, ನನ್ನ ಮಂದೆ ಬೆಳೀತು ಬೆಳೀತು ಅಂತ ಕುಣಿದ್ರೆ ಆಯ್ತದಾ? ಮರಿ ಎಷ್ಟು ಹುಟ್ದವು ಅಂತ ಹೇಳು.”

ನಾನು ಮೊಬೈಲಿನ ಪರದೆಯನ್ನು ಮೇಲೆ ಕೆಳಗೆ ಸರಿಸಿ ಹುಡುಕಿದೆ. ಅವಳು ಬಿಡುವ ಪೈಕಿಯೇ? “ಕಾಯೋನಿಗೆ ಏನು ಕೊಡ್ತೀಯ?” ಎಂದು ಇನ್ನೊಂದು ಹಾಕಿದಳು. “ಏನೂ ಇಲ್ಲ ಚಿಕ್ಕಮ್ಮ, ಒಂದು ಪೈಸೆ ತಗೊಳಲ್ಲ” ಎಂದೆ ಹೆಮ್ಮೆಯಿಂದ. “ಪುಕ್ಸಟ್ಟೆ ಕುರಿ ಕಾಯೋನ್ನ ನಾನು ಈ ವಯಸ್ಸಿಗೆ ನೋಡಿಲ್ವಲ್ಲೇ!” ಎಂದು ಚಿಕ್ಕಮ್ಮ ಚೀಲದಿಂದ ಒಂದು ಹಳೆಯ ಬಿಸ್ಕತ್ ಡಬ್ಬಿ ತೆಗೆದಳು. ಅದು ಅವಳ ಲೆಕ್ಕದ ಪುಸ್ತಕ. ಒಳಗೆ ಬಟ್ಟೆಯ ಪುಟ್ಟ ಪುಟ್ಟ ಗಂಟುಗಳು, ವರ್ಷಕ್ಕೊಂದು ಗಂಟು. ತಾನು ಹೊಸದಾಗಿ ಕೊಂಡು ಬಿಟ್ಟ ಪ್ರತಿ ಕುರಿಗೆ ಒಂದು ಹುಣಸೆ ಬೀಜ, ತನ್ನ ಪಾಲಿಗೆ ಬಂದ ಪ್ರತಿ ಮರಿಗೆ ಒಂದು ಹೊಂಗೆ ಬೀಜ. ದೀಪಾವಳಿಯ ಪಾಡ್ಯದ ದಿನ ಕುರಿಗಳಿಗೆ ಪೂಜೆಯಾದ ಮೇಲೆ ರೊಪ್ಪದ ಬಾಗಿಲಲ್ಲಿ ನಿಂತು ಎಣಿಸಿ ಗಂಟು ಕಟ್ಟಿದರೆ ಮತ್ತೆ ಎಣಿಸುವುದು ಮುಂದಿನ ಪಾಡ್ಯಕ್ಕೇ. ನಡುವೆ ಒಂದು ದಿನವೂ ಇಲ್ಲ.

“ನೀನೂ ಹಿಂಗೇ ಎಣಿಸಿ ಇಡು. ನಾನು ಒಂದು ಗಳಿಗೆ ಬೆನ್ನು ಹಾಸ್ತೀನಿ” ಎಂದು ಚೀಲದಲ್ಲಿದ್ದ ಬಿಡಿ ಬೀಜಗಳನ್ನು ಹಿಡಿ ಹಿಡಿಯಾಗಿ ಇನ್ನೊಂದು ಖಾಲಿ ಡಬ್ಬಿಗೆ ಸುರಿದು ನಡುಮನೆಯಲ್ಲಿ ಮಲಗಿಬಿಟ್ಟಳು. ಎರಡೇ ನಿಮಿಷಕ್ಕೆ ಗೊರಕೆ.

ನಾನು ಬ್ಯಾಂಕಿನ ಪಾಸ್‌ಬುಕ್ಕುಗಳನ್ನೆಲ್ಲ ಹರಡಿಕೊಂಡು ಕೂತೆ. ಹತ್ತು ಸಾವಿರಕ್ಕೆ ಒಂದು ಹುಣಸೆ ಬೀಜ. ಫಂಡಿನಿಂದ ವಾಪಸು ಬಂದು ಮತ್ತೆ ಫಂಡಿಗೇ ಹೋದದ್ದನ್ನು ಬಿಟ್ಟು, ನನ್ನ ಸಂಬಳದಿಂದ ಹೊಸದಾಗಿ ಹೋದದ್ದನ್ನು ಮಾತ್ರ ವರ್ಷವಾರು ಗುಡ್ಡೆ ಹಾಕಿದೆ. ಹಿಂಬಾಕಿಯ ಗುಡ್ಡೆ ಬಂತು. ಡಿಎ ಹೆಚ್ಚಾದಾಗ ಹಾಕಿದ್ದು ಬಂತು. ಮರೆತೇಹೋಗಿದ್ದ ಚೀಟಿ ದುಡ್ಡು ಬಂತು. ಎಣಿಸಿದರೆ ಹುಣಸೆ ಬೀಜ ಅರವತ್ತೊಂಬತ್ತು. ಮಂದೆ ಒಟ್ಟು ಎಪ್ಪತ್ತೆಂಟು. ಹಾಗಾದರೆ ಹೊಂಗೆ ಬೀಜ?

ಒಂಬತ್ತು! ಎಂಟು ವರ್ಷಕ್ಕೆ ಒಂಬತ್ತು ಮರಿ!

ಎಂಟು ವರ್ಷ ಎಂದು ಅಳುವುದೂ ಪೂರ್ತಿ ನ್ಯಾಯವಲ್ಲ. ಹೋದ ತಿಂಗಳು ಹಾಕಿದ ಐದು ಸಾವಿರವನ್ನು ಹಿಡಿದು “ಎಂಟು ವರ್ಷದಲ್ಲಿ ಏನು ಮಾಡಿದೆ?” ಎಂದು ಕೇಳಿದರೆ ಅದು ಏನೆಂದೀತು? ಮೊನ್ನೆ ತಂದು ಬಿಟ್ಟ ಕುರಿ ಇಂದು ಈಯುವುದಿಲ್ಲ. ಒಂದೊಂದು ರೂಪಾಯಿಗೂ ಅದರದೇ ವಯಸ್ಸಿದೆ. ಅದನ್ನೆಲ್ಲ ಹಿಡಿದು ಲೆಕ್ಕ ಹಾಕಲು ಕಂಪ್ಯೂಟರಿನಲ್ಲಿ ಒಂದು ಸೂತ್ರ ಉಂಟು ಎಂದು ನಮ್ಮ ಕಂಪ್ಯೂಟರ್ ಮೇಷ್ಟ್ರು ಎಷ್ಟೋ ಸಲ ಹೇಳಿದ್ದರು. ನಾನು ಲೆಕ್ಕದ ಮೇಡಂ, ಅವರಿಂದ ಕಲಿಯುವುದೇ ಎಂದು ಬಿಂಕ ಮಾಡಿದ್ದೆ. ಈಗ ಗುಡ್ಡೆಗಳನ್ನು ಮುಂದಿಟ್ಟುಕೊಂಡು ಸರಾಸರಿ ಹಿಡಿದರೆ ನನ್ನ ದುಡ್ಡು ಹೆಚ್ಚು ಕಡಿಮೆ ನಾಲ್ಕು ವರ್ಷ ಮೇಯ್ದಿತ್ತು. ಬಂದದ್ದು ವರ್ಷಕ್ಕೆ ನೂರಕ್ಕೆ ಮೂರು ರೂಪಾಯಿ ಚಿಲ್ಲರೆ. ಯಜಮಾನರು ಅಂಚೆ ಕಚೇರಿಯಲ್ಲಿ ಇಟ್ಟು ಮರೆತ ದುಡ್ಡು ಇದಕ್ಕಿಂತ ಚೆನ್ನಾಗಿ ಬೆಳೆದಿತ್ತು. ಅವರನ್ನು ನಾನು ಎಂಟು ವರ್ಷದಿಂದ ‘ಹಳೇ ಕಾಲದವರು’ ಎಂದು ಆಡಿಕೊಂಡು ಬಂದಿದ್ದೆ.

ಕಾಯುವವನ ಕೂಲಿಯೂ ಫಂಡಿನವರ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಸಿಕ್ಕಿತು. ನೂರಕ್ಕೆ ಒಂದೂಮುಕ್ಕಾಲು ರೂಪಾಯಿ, ವರ್ಷಾವರ್ಷ, ನನ್ನ ಮಂದೆಯಿಂದ ಸದ್ದಿಲ್ಲದೆ ಮುರಿದುಕೊಳ್ಳುತ್ತಿದ್ದರು. ಹೆಚ್ಚಾಗಲಿ ಕಡಿಮೆಯಾಗಲಿ, ಅವರ ಕೂಲಿಗೆ ಕುತ್ತಿಲ್ಲ. ಅದರಲ್ಲಿ ಒಂದಿಷ್ಟು ನನ್ನನ್ನು ಫಂಡಿಗೆ ಸೇರಿಸಿದ ಏಜೆಂಟ್ ಹುಡುಗನಿಗೂ ಹೋಗುತ್ತದಂತೆ. ಹೊಸ ವರ್ಷಕ್ಕೆ ಅವನು ತಂದುಕೊಡುತ್ತಿದ್ದ ಕ್ಯಾಲೆಂಡರಿಗೆ ನಾನು ಎಷ್ಟು ಕೃತಜ್ಞಳಾಗಿದ್ದೆ! ಕೊನೆಗೆ ಹೊಟ್ಟೆ ಉರಿಗೆ ತುಪ್ಪ ಸುರಿಯಲೆಂದೇ ಆ ಮೊದಲ ಫಂಡನ್ನೂ ನೋಡಿದೆ. ದುಬಾರಿ ಎಂದು ಎಂಬತ್ನಾಲ್ಕಕ್ಕೆ ಬಿಟ್ಟಿದ್ದ ಯೂನಿಟ್ಟು ಈಗ ನೂರಾ ತೊಂಬತ್ತು.

ಈಗ ಒಂದು ನಾಚಿಕೆಗೇಡಿನ ಮಾತು ಹೇಳುತ್ತೇನೆ, ನಮ್ಮ ನಿಮ್ಮಲ್ಲೇ ಇರಲಿ. ನಡುಮನೆಯಲ್ಲಿ ಗೊರಕೆ ಜೋರಾಗಿಯೇ ಇತ್ತು. ಡಬ್ಬಿಯಲ್ಲಿ ಹೊಂಗೆ ಬೀಜ ಬೇಕಾದಷ್ಟಿದ್ದವು. ಎಪ್ಪತ್ತು ದಾಟಿದ ಹೆಂಗಸು, ಓದು ಬರಹ ಇಲ್ಲ, ಪಾಸ್‌ಬುಕ್ಕು ನೋಡುವುದಿಲ್ಲ. ನನ್ನ ಕೈ ತಾನಾಗಿಯೇ ಡಬ್ಬಿಗೆ ಹೋಗಿ ಒಂದು ಹಿಡಿ ಹೊಂಗೆ ಬೀಜ ತಂದು ಒಂಬತ್ತರ ಪಕ್ಕ ಇಟ್ಟಿತು. ಆಮೇಲೆ ಇನ್ನರ್ಧ ಹಿಡಿ.

“ಏನೇ ಇದು, ಈಗ್ಲೇ ಇಷ್ಟು ಮರಿ ಹಾಕ್ದವಾ?” ಎಂದಿತು ಬಾಗಿಲ ಬಳಿಯ ಧ್ವನಿ. ಯಜಮಾನರು, ಕೈಯಲ್ಲಿ ಕಾಫಿ ಲೋಟ. ಅವರು ಬೈಯಲಿಲ್ಲ, ನಗಲೂ ಇಲ್ಲ. ಅಲ್ಲೇ ನಿಂತು ಕಾಫಿ ಕುಡಿದು ಮುಗಿಸಿ, ಲೋಟ ತೊಳೆದಿಟ್ಟು, ಹೊರಗೆ ಹೋದರು. ಬೈದಿದ್ದರೆ ಜಗಳ ತೆಗೆದು ತಪ್ಪಿಸಿಕೊಳ್ಳುತ್ತಿದ್ದೆ.

ಚಿಕ್ಕಮ್ಮನ ದುಡ್ಡಿನ ಕಟ್ಟುಗಳಿಗೆ ಇನ್ನೂ ಹುರಿಹಿಟ್ಟು ಮೆತ್ತಿಕೊಂಡಿತ್ತು. ನಾಳೆ ಅವಳ ಔಷಧಿ, ಅವಳ ಅಕ್ಕಿ ಬೇಳೆ, ಅವಳ ಮಾನ ಎಲ್ಲವೂ ಅದರಲ್ಲೇ. ಅದನ್ನು ತೆಗೆದುಕೊಂಡು ನಾನು ಹತ್ತು ರೂಪಾಯಿಯ ಯೂನಿಟ್ಟುಗಳ ಹಿಂದೆ ಓಡಿದ್ದರೆ? ನೆನೆಸಿಕೊಂಡು ಹೆದರಿಕೆಯಾಯಿತು. ಹೆಚ್ಚಿಗೆ ಇಟ್ಟಿದ್ದ ಹೊಂಗೆ ಬೀಜಗಳನ್ನೆಲ್ಲ ವಾಪಸು ಡಬ್ಬಿಗೆ ಹಾಕಿ, ಒಂಬತ್ತನ್ನು ಮಾತ್ರ ಬಿಟ್ಟು, ಅವಳನ್ನು ಎಬ್ಬಿಸಿದೆ.

“ಚಿಕ್ಕಮ್ಮ, ಅರವತ್ತೊಂಬತ್ತಕ್ಕೆ ಒಂಬತ್ತೇ ಮರಿ. ಅಷ್ಟೂ ನನ್ನ ತಪ್ಪೇ. ಚೆನ್ನಾಗಿದ್ದ ಮಂದೆ ಬಿಟ್ಟು ಅಗ್ಗದ್ದು ಅಗ್ಗದ್ದು ಅಂತ ಸುತ್ತಿದೀನಿ. ಕೂಲಿ ಎಷ್ಟು ಅಂತ್ಲೂ ನೋಡ್ಲಿಲ್ಲ. ನಿನ್ನ ದುಡ್ಡು ನನ್ನ ಹತ್ರ ಕೊಡ್ಬೇಡ. ಎಲ್ಲಾನೂ ಅಂಚೆ ಕಚೇರೀಲಿ ಇಡು.”

ಚಿಕ್ಕಮ್ಮ ಎದ್ದು ಕೂತು, ಸೆರಗು ಸರಿ ಮಾಡಿಕೊಂಡು, ಗುಡ್ಡೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಲ್ಲಿಲ್ಲದ ಬಾಯಿಯ ಆ ನಗು ಪಕ್ಕದ ಮನೆಗೂ ಕೇಳಿಸಿರಬೇಕು.

“ಅಯ್ಯೋ ನನ್ನವ್ವ! ಇಪ್ಪತ್ತಾರು ವರ್ಷ ಊರ ಮಕ್ಕಳ ಲೆಕ್ಕಾನೇ ತಿದ್ದುತಾ ಕೂತ್ಯಾ? ನಿಂದು ಯಾರು ತಿದ್ದೋರು?”

ಅವಳು ಕಟ್ಟುಗಳನ್ನು ತನ್ನತ್ತ ಎಳೆದುಕೊಂಡಳು. ಎರಡು ಲಕ್ಷ ಅರವತ್ತು ಸಾವಿರವನ್ನು ಒಂದು ಕಡೆ ಇಟ್ಟು, “ಇದು ಅಂಚೆ ಕಚೇರೀಗೆ, ನನ್ನ ಹೆಸ್ರಿಗೆ. ನಾಳಿಕ್ಕೆ ನಿನ್ನ ಗಂಡ ಕರ್ಕೊಂಡು ಹೋಗ್ಲಿ” ಎಂದಳು. ಉಳಿದ ಒಂದು ಲಕ್ಷವನ್ನು ಮತ್ತೆ ನನ್ನ ಮುಂದೆಯೇ ತಳ್ಳಿದಳು.

“ಬೇಡ ಚಿಕ್ಕಮ್ಮ…”

“ಬಾಯ್ಮುಚ್ಚೇ. ಈರಣ್ಣನಿಗೆ ಮುಂಚೆ ಇಬ್ರು ಕುರಿ ಕಾಯೋರ್ನ ಬಿಡಿಸೀನಿ. ಅವ್ರ ಹತ್ರ ಒಂದು ಕುರೀನೂ ಸಾಯ್ಲಿಲ್ಲ, ಕೇಳಿದಾಗೆಲ್ಲ ಎಲ್ಲಾ ಚೆನ್ನಾಗವೆ ಅಂದ್ರು, ಎಣಿಸಿದ್ರೆ ಮಾತ್ರ ಕಮ್ಮಿ. ಈರಣ್ಣ ಮೊದಲ್ನೇ ವರ್ಷಾನೇ ಎರಡು ಕಿವಿ ತಂದು ಮುಂದಿಟ್ಟು ಅತ್ತ. ಅವನ ಹತ್ರಾನೇ ಉಳಿಸ್ಕಂಡೆ. ನೀನು ಒಂದೇ ಕಡೆ ಮೇಯ್ಸು, ಕೂಲಿ ಕಮ್ಮಿ ಇರೋ ಕಡೆ. ದಿನಾ ಎಣಿಸ್ಬ್ಯಾಡ, ಕುರಿ ಬೆದರ್ತವೆ. ಪಾಡ್ಯಕ್ಕೆ ಬಂದು ಲೆಕ್ಕ ಒಪ್ಪಿಸು.”

ಮರುದಿನ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರಿಗೂ ನನ್ನ ಒಂಬತ್ತು ಮರಿಯ ಕಥೆ ಹೇಳಿದೆ. ಅವರು ಊಟದ ಡಬ್ಬಿಯ ಮುಚ್ಚಳ ಹಾಕುತ್ತಾ, “ನೀವು ಒಂದು ವಾರ ಕಾಯ್ರಿ ಅಂದಿದ್ರಲ್ಲ ಮೇಡಂ, ನಾನು ಆಗ್ಲೇ ಮರ್ತುಬಿಟ್ಟಿದ್ದೆ. ಏನೂ ಹಾಕ್ಲೇ ಇಲ್ಲ” ಎಂದರು. ಬಿಂಕ ಬಿಟ್ಟು ಕಂಪ್ಯೂಟರ್ ಮೇಷ್ಟ್ರ ಪಕ್ಕ ಕೂತು ಆ ಸೂತ್ರ ಕಲಿತೆ. ದೊಡ್ಡ ದೊಡ್ಡ ಕಂಪನಿಗಳಲ್ಲೆಲ್ಲ ಸ್ವಲ್ಪ ಸ್ವಲ್ಪ ಹಾಕಿ ಸುಮ್ಮನಿರುವ, ಏಜೆಂಟನಿಲ್ಲದೆ ನಾವೇ ನೇರವಾಗಿ ಸೇರಬಹುದಾದ, ಕೂಲಿ ತೀರಾ ಕಡಿಮೆಯ ಒಂದು ಫಂಡು ಹುಡುಕಿ ಚಿಕ್ಕಮ್ಮನ ಲಕ್ಷವನ್ನು ಅವಳ ಹೆಸರಿನಲ್ಲೇ ಹಾಕಿಸಿದೆ. ಬೆಳಗಿನ ದರ್ಶನ ನಿಲ್ಲಿಸಿದೆ. ಮೊದಲ ತಿಂಗಳು ಕೈ ತುರಿಸುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಈಗ ಯಜಮಾನರಿಗೆ ದಿನವೂ ಒಂದೇ ಹದದ ಕಾಫಿ.

ದೀಪಾವಳಿ ಬಂತು. ಪಾಡ್ಯದ ಹಿಂದಿನ ದಿನ ಒಂದು ವರ್ಷದ ಮೇಲೆ ಮೊದಲ ಸಲ ಲೆಕ್ಕ ತೆಗೆದು ನೋಡಿದೆ. ಒಂದು ಲಕ್ಷ ಹೋಗಿ ತೊಂಬತ್ನಾಲ್ಕು ಸಾವಿರವಾಗಿತ್ತು. “ಇನ್ನೊಂದು ತಿಂಗಳು ಬಿಟ್ಟು ಹೋಗು, ಏರಬಹುದು” ಎಂದರು ಯಜಮಾನರು, ನನ್ನ ಮುಖ ನೋಡಲಾರದೆ. ನನಗೂ ಹಾಗೆ ಮಾಡಿಬಿಡೋಣ ಎನ್ನಿಸಿತು. ಜ್ವರ ಎಂದು ಫೋನು ಮಾಡಿದರೂ ಆಗುತ್ತಿತ್ತು. ಆದರೆ ಪಾಡ್ಯಕ್ಕೆ ಬರುತ್ತೇನೆ ಎಂದು ಒಪ್ಪಿಕೊಂಡಿದ್ದೆನಲ್ಲ. ಬೆಳಿಗ್ಗೆ ಹಿರೇನಲ್ಲೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳಲಿ, ಎಲ್ಲಿಂದ ಶುರು ಮಾಡಲಿ ಎಂದು ಹತ್ತು ಥರದಲ್ಲಿ ಮನಸ್ಸಿನಲ್ಲೇ ಹೇಳಿಕೊಂಡೆ. ಒಂದೂ ಸರಿ ಹೋಗಲಿಲ್ಲ.

ಚಿಕ್ಕಮ್ಮ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ನಾನು ಚಪ್ಪಲಿ ಬಿಟ್ಟವಳೇ ಬಾಗಿಲಲ್ಲಿ ನಿಂತೇ ಹೇಳಿಬಿಟ್ಟೆ.

“ಆರು ಸಾವಿರ ಹೋಯ್ತು ಚಿಕ್ಕಮ್ಮ.”

ಅವಳು ಕಾವಲಿಯಿಂದ ಕಣ್ಣು ತೆಗೆಯಲಿಲ್ಲ. ಹೋಳಿಗೆಯನ್ನು ಮಗುಚಿ ಹಾಕಿ, ಅಂಚಿಗೆ ತುಪ್ಪ ಬಿಟ್ಟು, ಕೇಳಿದಳು.

“ಅದೇ ಬಯಲಾಗೆ ಮೇಯ್ಸಿದ್ರಲ್ಲ ಮಿಕ್ಕೋರು, ಅವ್ರದ್ದು ಹೆಂಗೈತೆ?”

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಆದರೆ ಹಿಂದಿನ ರಾತ್ರಿ ನಿದ್ದೆ ಬಾರದೆ ಅದನ್ನೂ ನೋಡಿದ್ದೆ. “ಎಲ್ಲರ್ದೂ ಅಷ್ಟಷ್ಟು ಹೋಗಿದೆ ಚಿಕ್ಕಮ್ಮ. ಕೆಲವ್ರದ್ದು ಇನ್ನೂ ಜಾಸ್ತಿ ಹೋಗಿದೆ.”

“ಹಂಗಾರೆ ಈ ಸಲ ಮೇವು ಕಮ್ಮಿ, ಅಷ್ಟೇಯ. ಕಾಯೋಳ ತಪ್ಪಲ್ಲ” ಎಂದು ಚಿಕ್ಕಮ್ಮ ಹೋಳಿಗೆಯನ್ನು ತಟ್ಟೆಗೆ ಹಾಕಿದಳು. “ಯಾಕಂಗೆ ನಿಂತೆ? ಕೈಕಾಲು ತೊಳ್ಕೊಂಡು ಬಾ, ಆರೋಯ್ತವೆ.”

ನಾನು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಮುಖ ತೊಳೆಯುವ ನೆಪದಲ್ಲಿ ಚೆನ್ನಾಗಿ ಅತ್ತು, ಬಂದು ಐದು ಹೋಳಿಗೆ ತಿಂದೆ.